ಬೋಳು ಕಾಡಿನ ಚಿಟ್ಟೆಗಳು

ಶಿವರಾತ್ರಿ ಕಳೆದು ಯುಗಾದಿ ಬರುವವರೆಗಿನ ದಿನಗಳಲ್ಲಿ ಬಿಳಿಗಿರಿರಂಗನ ಬೆಟ್ಟದ ತಪ್ಪಲು ಅಂಥ ನೋಡತಕ್ಕ ಜಾಗವೇನಲ್ಲ. ಮತ್ತಿ, ದಿಂಡಿಗ, ತೇಗ ಎಲ್ಲವೂ ಎಲೆ ಉದುರಿಸಿ ನಿಂತಿರುತ್ತವೆ. ಹುಲ್ಲು ಒಣಗಿ ಮುರಿದು ಬಿದ್ದಿರುತ್ತದೆ. ಹಳ್ಳಗಳಲ್ಲಿ ಹರಿವು ನಿಂತು, ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಷ್ಟೇ ನೀರು ಉಳಿದಿರುತ್ತದೆ. ಬೆಂಗಳೂರು, ಮೈಸೂರುಗಳಿಂದ ಕ್ಯಾಮೆರಾ ಹೊತ್ತು ಬಂದವರು ಅರ್ಧ ದಿನ ಸುತ್ತಿ, "ವಸಂತ ಬಂದರೂ ಚಿಟ್ಟೆಗಳೇ ಇಲ್ಲವಲ್ಲ" ಎಂದು ಬೇಸರ ಮಾಡಿಕೊಳ್ಳುವುದು ಮಾಮೂಲು.

ಚಿಟ್ಟೆಗಳು ಇರುತ್ತವೆ. ಹುಡುಕುವ ಜಾಗ ತಪ್ಪಿರುತ್ತದೆ, ಅಷ್ಟೆ. ಅದಕ್ಕೆ ದೂರಬೇಕಾದದ್ದು ಕಣ್ಣನ್ನಲ್ಲ, ತಲೆಯಲ್ಲಿ ಮೊದಲೇ ಕೂತಿರುವ ಒಂದಷ್ಟು ನಂಬಿಕೆಗಳನ್ನು. ಅವನ್ನು ಒರೆಗೆ ಹಚ್ಚಿ ನೋಡಲು ಈ ಬೆಟ್ಟದ ಹುಲಿ ಮೀಸಲು ಅರಣ್ಯ ಒಳ್ಳೆಯ ಜಾಗ. ಐನೂರಕ್ಕೂ ಹೆಚ್ಚು ಚದರ ಕಿಲೋಮೀಟರಿನೊಳಗೆ, 600 ಮೀಟರ್ ಎತ್ತರದ ಕುರುಚಲು ಕಾಡಿನಿಂದ 1,800 ಮೀಟರ್ ಎತ್ತರದ ಶೋಲಾ ಹುಲ್ಲುಗಾವಲಿನವರೆಗೆ ಹಲವು ಬಗೆಯ ಕಾಡು ಇಲ್ಲಿದೆ. ಪಶ್ಚಿಮ ಘಟ್ಟ, ಪೂರ್ವ ಘಟ್ಟ ಎರಡೂ ಕಡೆಯ ಜೀವಿಗಳು ಇಲ್ಲಿ ಬಂದು ಸೇರುತ್ತವೆ.

"ವಸಂತವೇ ಚಿಟ್ಟೆಗಳ ಕಾಲ"

ಇದು ಚಳಿನಾಡಿನಿಂದ ಬಂದ ನಂಬಿಕೆ. ಅಲ್ಲಿ ಇದು ನಿಜವೂ ಹೌದು. ಇಂಗ್ಲೆಂಡಿನಲ್ಲಿ ಚಳಿಗಾಲವಿಡೀ ಒಂದು ಚಿಟ್ಟೆಯೂ ಕಾಣದೆ, ಫೆಬ್ರುವರಿ ಕೊನೆಗೋ ಮಾರ್ಚಿನಲ್ಲೋ ಒಂದು ದಿನ ಬಿಸಿಲು ಬಿದ್ದ ಕೂಡಲೇ ಹಳದಿ ಬಣ್ಣದ ಬ್ರಿಮ್‌ಸ್ಟೋನ್ ಹೊರಬೀಳುತ್ತದೆ. ಐವಿ, ಹಾಲಿಗಳಂಥ ಸದಾ ಹಸಿರಿನ ಗಿಡಗಳ ಎಲೆಗಳ ನಡುವೆ ರೆಕ್ಕೆ ಮಡಚಿ ಚಳಿ ಕಳೆದ ಚಿಟ್ಟೆ ಅದು. ಪೀಕಾಕ್, ಕಾಮಾ, ಸ್ಮಾಲ್ ಟಾರ್ಟಾಯ್ಸ್‌ಶೆಲ್ ಎಂಬವೂ ಹಾಗೆಯೇ ವಯಸ್ಕ ಚಿಟ್ಟೆಗಳಾಗಿಯೇ ಚಳಿ ದಾಟುತ್ತವೆ. ಕೋಶದೊಳಗೆ ಕಾದಿದ್ದ ಆರೆಂಜ್ ಟಿಪ್ ಏಪ್ರಿಲ್ಲಿಗೆ ಬರುತ್ತದೆ. ಬ್ರಿಟನ್ನಿನಲ್ಲಿ 1976ರಿಂದ ನಡೆಯುತ್ತಿರುವ ಚಿಟ್ಟೆ ಗಣತಿ ಪ್ರತಿ ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ತಾಪಮಾನ 13 ಡಿಗ್ರಿಗಿಂತ ಕಡಿಮೆಯಿದ್ದರೆ ಆ ದಿನ ಎಣಿಕೆಯೇ ಇಲ್ಲ. ಅಂದರೆ ಅಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ಬಿಸಿಲು. ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರು ಈ ಲೆಕ್ಕವನ್ನು ಧಾರಾಳವಾಗಿ ಇಟ್ಟುಕೊಳ್ಳಲಿ, ಚಾಮರಾಜನಗರದ ಈ ಬೆಟ್ಟಕ್ಕೆ ಬರುವಾಗ ಮಾತ್ರ ಅಲ್ಲೇ ಬಿಟ್ಟು ಬರಲಿ.

ನಮ್ಮಲ್ಲಿ ಬಿಸಿಲಿಗೇನು ಬರ? ಇಲ್ಲಿ ತೀರ್ಮಾನ ಮಳೆಯದ್ದು. ಮಳೆ ಬಿದ್ದರೆ ಚಿಗುರು, ಚಿಗುರಿದ್ದರೆ ಮರಿಹುಳು, ಮರಿಹುಳುವಿದ್ದರೆ ಮೂರು ನಾಲ್ಕು ವಾರಗಳಲ್ಲಿ ಚಿಟ್ಟೆ. ಬಿಳಿಗಿರಿರಂಗನ ಬೆಟ್ಟಕ್ಕೆ ಮುಂಗಾರು, ಹಿಂಗಾರು ಎರಡೂ ಸಿಗುವುದರಿಂದ ಚಿಟ್ಟೆಗಳ ನಿಜವಾದ ಜಾತ್ರೆ ನೆರೆಯುವುದು ಸೆಪ್ಟೆಂಬರಿನಿಂದ ನವೆಂಬರಿನವರೆಗೆ. ಇನ್ನೊಂದು ಸಣ್ಣ ಏರಿಕೆ ಅಶ್ವಿನಿ, ಭರಣಿ ಮಳೆ ಬಿದ್ದ ಕೆಲವು ವಾರಗಳ ನಂತರ. ಫಾಲ್ಗುಣ, ಚೈತ್ರಗಳು ಇವೆರಡರ ನಡುವಿನ ಇಳಿತದ ಕಾಲ. ಆಗ ಚಿಟ್ಟೆಗಳ ಒಟ್ಟು ಸಂಖ್ಯೆ ಕಡಿಮೆ. ಆದರೆ ಇದ್ದಷ್ಟು ಚಿಟ್ಟೆಗಳು ಕೆಲವೇ ಜಾಗಗಳಲ್ಲಿ ಗುಂಪುಗೂಡಿರುತ್ತವೆ. ಆ ಜಾಗಗಳು ಗೊತ್ತಿದ್ದವರಿಗೆ ಈ ಕಾಲ ಬರಡಲ್ಲ.

ಈ ನಂಬಿಕೆ ಗಟ್ಟಿಯಾಗಿ ಉಳಿಯಲು ಗಾಜಿನ ಮನೆಯಂಥ ಚಿಟ್ಟೆ ಉದ್ಯಾನಗಳ ಪಾಲೂ ಇದೆ ಅನ್ನಿಸುತ್ತದೆ. ಬನ್ನೇರುಘಟ್ಟದಲ್ಲಿ 2006ರಲ್ಲಿ ತೆರೆದ ಉದ್ಯಾನದ ಗುಮ್ಮಟದೊಳಗೆ ನೀರು, ನೆರಳು, ಹೂವು ಎಲ್ಲವನ್ನೂ ಒದಗಿಸಿ ಚಿಟ್ಟೆ ಸಾಕುತ್ತಾರೆ. ಮಕ್ಕಳಿಗೆ ತೋರಿಸಲು ಅದು ಒಳ್ಳೆಯದೇ. ಆದರೆ ಅದನ್ನು ನೋಡಿ ಬಂದವರು ಮಾರ್ಚಿನ ಕಾಡೂ ಹಾಗೇ ಇರಬೇಕೆಂದು ಬಯಸಿದರೆ ಕಾಡೇನು ಮಾಡೀತು?

"ಹೂವಿದ್ದಲ್ಲಿ ಚಿಟ್ಟೆ"

ಎಲೆಯಿಲ್ಲದ ಕಾಡಿನಲ್ಲಿ ಮುತ್ತುಗ ಕೆಂಪಗೆ ಹೂಬಿಟ್ಟಿರುತ್ತದೆ, ಬೂರುಗವೂ ಅಷ್ಟೆ. ಹೊಸಬರು ನೇರವಾಗಿ ಹೋಗಿ ನಿಲ್ಲುವುದು ಅವುಗಳ ಬುಡದಲ್ಲಿ. ಕತ್ತು ನೋಯುವವರೆಗೆ ನೋಡಿದರೂ ಸಿಗುವುದು ಮೈನಾ, ಸೂರಕ್ಕಿ, ಅಳಿಲು. ಮುತ್ತುಗದ ದಪ್ಪ ದಳಗಳು, ಆಳದಲ್ಲಿ ತುಂಬಿದ ತೆಳು ಮಕರಂದ ಎಲ್ಲವೂ ಹಕ್ಕಿಯ ಕೊಕ್ಕಿಗೆ ಹೊಂದುವಂತಿವೆ. ಬೂರುಗಕ್ಕೆ ರಾತ್ರಿ ಹೊತ್ತು ಬಾವಲಿಗಳೂ ಬರುತ್ತವೆ. ಹೂವಿನ ಬಣ್ಣ ಎಷ್ಟೇ ಜೋರಾಗಿದ್ದರೂ ಅದು ಚಿಟ್ಟೆಗೆ ಕೊಟ್ಟ ಕರೆಯಾಗಬೇಕೆಂದಿಲ್ಲ.

ಈ ಕಾಲದಲ್ಲಿ ಕಣ್ಣು ಹಾಯಿಸಬೇಕಾದದ್ದು ನೆಲದ ಮೇಲೆ. ಬತ್ತುತ್ತಿರುವ ಹಳ್ಳದ ಅಂಚಿನಲ್ಲಿ, ನೀರಿಗೂ ಒಣ ಮರಳಿಗೂ ನಡುವೆ ಒದ್ದೆ ಮಣ್ಣಿನ ಒಂದು ಪಟ್ಟಿ ಇರುತ್ತದೆ. ಬೆಳಗ್ಗೆ ಹತ್ತರ ಮೇಲೆ ಅಲ್ಲಿ ಕಾಮನ್ ಎಮಿಗ್ರೆಂಟ್, ಅಲ್ಬಟ್ರಾಸ್, ಬ್ಲೂಬಾಟಲ್, ಕಾಮನ್ ಜೇ, ಹತ್ತಾರು ಬಗೆಯ ಪುಟ್ಟ ನೀಲಿ ಚಿಟ್ಟೆಗಳು ಸಾಲಾಗಿ ಕೂತು ಹೀರುತ್ತಿರುತ್ತವೆ. ಅವಕ್ಕೆ ಬೇಕಾಗಿರುವುದು ನೀರಿಗಿಂತ ಹೆಚ್ಚಾಗಿ ಉಪ್ಪು. ಎಲೆ ತಿಂದು ಬೆಳೆದು ಮಕರಂದ ಕುಡಿದು ಬದುಕುವ ಜೀವಕ್ಕೆ ಸೋಡಿಯಂ ಸಿಗುವುದು ತೀರಾ ಕಡಿಮೆ. ಅದಕ್ಕೇ ಕೆಲವು ಜಾತಿಗಳು ಒಂದು ತುದಿಯಲ್ಲಿ ಹೀರುತ್ತ, ಇನ್ನೊಂದು ತುದಿಯಲ್ಲಿ ಹನಿಹನಿಯಾಗಿ ನೀರು ಹೊರಹಾಕುತ್ತ ಗಂಟೆಗಟ್ಟಲೆ ಕೂರುತ್ತವೆ.

ಹೀಗೆ ಕೂತವುಗಳಲ್ಲಿ ಹೆಚ್ಚಿನವು ಗಂಡು. ಗಂಡು ಕೂಡಿಟ್ಟ ಉಪ್ಪಿನಲ್ಲಿ ಒಂದು ಪಾಲು ಕೂಡುವಾಗ ಹೆಣ್ಣಿಗೆ ಹೋಗುತ್ತದೆ, ಅಲ್ಲಿಂದ ಮೊಟ್ಟೆಗೆ. ಹಾಗಾಗಿ ಈ ಸಾಲನ್ನು ನೋಡಿ "ಪಾಪ, ಬಾಯಾರಿದೆ" ಅನ್ನುವುದು ಅರ್ಧ ಸತ್ಯ.

ಒದ್ದೆ ಮಣ್ಣು ಸಿಗದಿದ್ದರೆ ಆನೆ ಲದ್ದಿ ನೋಡಿ. ಕಾಟಿಯ ಸಗಣಿ, ಹಕ್ಕಿ ಹಿಕ್ಕೆ, ಕೊಳೆತ ಹಣ್ಣು, ಮರದ ಗಾಯದಿಂದ ಸುರಿಯುವ ರಸ, ಎಲ್ಲವೂ ಆಗುತ್ತದೆ. ಬ್ಲ್ಯಾಕ್ ರಾಜಾ, ಕಾಮನ್ ನವಾಬ್ ಎಂಬ ರಾಜಮನೆತನದ ಹೆಸರಿನ ಚಿಟ್ಟೆಗಳು ಹೂವಿನ ಮೇಲೆ ಕಾಣಸಿಗುವುದೇ ಅಪರೂಪ. ಅವಕ್ಕೆ ಪ್ರಿಯವಾದದ್ದು ಸಗಣಿ, ಹುಳಿತ ಹಣ್ಣು ಮತ್ತು ಮರದ ರಸ. ಇನ್ನು ಸ್ಕಿಪ್ಪರ್ ಜಾತಿಯ ಕೆಲವು ಚಿಟ್ಟೆಗಳು ಒಣಗಿದ ಹಕ್ಕಿ ಹಿಕ್ಕೆಯ ಮೇಲೆ ತಮ್ಮದೇ ದೇಹದ ದ್ರವವನ್ನು ಬಿಟ್ಟು, ನೆನೆಸಿ, ಮತ್ತೆ ಹೀರಿಕೊಳ್ಳುತ್ತವೆ. ಕ್ಯಾಲೆಂಡರ್ ಚಿತ್ರಗಳಲ್ಲಿ ಇದನ್ನು ಯಾರೂ ಬರೆದದ್ದಿಲ್ಲ.

ಹಾಗೆಂದು ಚಿಟ್ಟೆ ಬರಲೆಂದು ಹಳ್ಳದ ದಂಡೆಗೆ ಉಪ್ಪುನೀರು ಚಿಮುಕಿಸುವ ಛಾಯಾಗ್ರಾಹಕರ ಚಾಳಿಯನ್ನು ಮೆಚ್ಚಲಾಗದು. ಹಳ್ಳ ಒಣಗುವಾಗ ತಾನೇ ಉಪ್ಪು ಸೇರಿಸಿಡುತ್ತದೆ, ನಮ್ಮ ಕೈ ಅಲ್ಲಿಗೆ ಬೇಕಾಗಿಲ್ಲ.

"ಕಂದು ಬಣ್ಣದ್ದೆಲ್ಲ ಪತಂಗ"

ಬೇಸಗೆಯ ಕಾಡಿನಲ್ಲಿ ಅತಿ ಹೆಚ್ಚು ಚಿಟ್ಟೆಗಳನ್ನು ಕಳೆದುಕೊಳ್ಳುವುದು ಈ ನಂಬಿಕೆಯಿಂದ. ತರಗೆಲೆಯ ಮೇಲೆ ಕಾಲಿಟ್ಟಾಗ ಒಂದು ಎಲೆ ಎದ್ದು ನಾಲ್ಕು ಮಾರು ಹಾರಿ ಮತ್ತೆ ಎಲೆಯಾಗಿ ಬಿದ್ದರೆ, ಅದು ಬಹುಮಟ್ಟಿಗೆ ಕಾಮನ್ ಈವ್ನಿಂಗ್ ಬ್ರೌನ್. ನಮ್ಮ ಹಳ್ಳಿಗಳಲ್ಲಿ ಮುಸ್ಸಂಜೆಗೆ ದೀಪದ ಬಳಿ ಬರುವ ಚಿಟ್ಟೆಯೂ ಅದೇ. ಅದು ಪತಂಗವಲ್ಲ, ಅಪ್ಪಟ ಚಿಟ್ಟೆ.

ಇದನ್ನೇ ಮಳೆಗಾಲದಲ್ಲಿ ನೋಡಿದರೆ ಬೇರೆ ಚಿಟ್ಟೆಯೆಂದೇ ಅನ್ನಿಸಬೇಕು. ಆಗ ರೆಕ್ಕೆಯ ತಳಭಾಗದಲ್ಲಿ ಸಾಲಾಗಿ ಕಣ್ಣಿನಂಥ ಚುಕ್ಕೆಗಳು ಎದ್ದು ಕಾಣುತ್ತವೆ. ಬೇಸಗೆಯಲ್ಲಿ ಹುಟ್ಟಿದವಕ್ಕೆ ಆ ಚುಕ್ಕೆಗಳು ಸೂಜಿಮೊನೆಯಷ್ಟಕ್ಕೆ ಇಳಿದು, ರೆಕ್ಕೆ ಒಣ ಎಲೆಯ ಬಣ್ಣ ತಾಳುತ್ತದೆ. ಒಂದರಂತೆ ಇನ್ನೊಂದಿರುವುದಿಲ್ಲ: ಒಂದು ಬೂದು, ಒಂದು ಕೆಂಗಂದು, ಒಂದರ ಮೇಲೆ ಬೂಷ್ಟು ಹಿಡಿದಂಥ ಕಲೆ. ತರಗೆಲೆಗಳು ತಾವೂ ಒಂದೇ ಬಣ್ಣದಲ್ಲಿರುವುದಿಲ್ಲವಲ್ಲ! ಯಾವ ವೇಷ ಎಂಬುದು ಮರಿಹುಳುವಾಗಿದ್ದಾಗಿನ ತಾಪಮಾನ, ತೇವಗಳಂಥ ಸೂಚನೆಗಳಿಂದ ನಿರ್ಧಾರವಾಗುತ್ತದೆ. ಒಮ್ಮೆ ರೆಕ್ಕೆ ಬಿಚ್ಚಿದ ಮೇಲೆ ಬದಲಾಗುವುದಿಲ್ಲ.

ಎರಡು ವೇಷಗಳಿಗೂ ಅರ್ಥವಿದೆ. ಹಸಿರು ಹುಲ್ಲಿನ ನಡುವೆ ಓಡಾಡಿಕೊಂಡಿರುವ ಮಳೆಗಾಲದ ಚಿಟ್ಟೆಯನ್ನು ಹಲ್ಲಿಯೋ ಹಕ್ಕಿಯೋ ಹೇಗಿದ್ದರೂ ಕಂಡೇ ಕಾಣುತ್ತದೆ. ಆಗ ಪೆಟ್ಟು ತಲೆಗೆ ಬೀಳದೆ ರೆಕ್ಕೆಯಂಚಿನ ಕಣ್ಚುಕ್ಕೆಗೆ ಬಿದ್ದರೆ ಒಂದು ಚೂರು ರೆಕ್ಕೆ ಕೊಟ್ಟು ಜೀವ ಉಳಿಸಿಕೊಳ್ಳಬಹುದು. ಬೇಸಗೆಯ ಚಿಟ್ಟೆಗೆ ಓಡಾಡುವ ಕೆಲಸವೇ ಕಡಿಮೆ. ಮರಿಗಳಿಗೆ ಬೇಕಾದ ಹಸಿ ಹುಲ್ಲು ಇಲ್ಲದ ಮೇಲೆ ಮೊಟ್ಟೆಯಿಡುವ ಆತುರವಿಲ್ಲ. ಕಣ್ಣಿಗೆ ಬೀಳದೆ ಮಳೆಯವರೆಗೆ ಕೂತಿರುವುದೇ ಅದರ ಜಾಣತನ. ಅಂಥ ಹೊತ್ತಿನಲ್ಲಿ ಕಣ್ಚುಕ್ಕೆ ಇದ್ದರೆ ಅದು ಹಕ್ಕಿಗೆ ತಾನೇ ಕೊಟ್ಟ ವಿಳಾಸ.

ಈ ಎರಡು ವೇಷಗಳು ದೊಡ್ಡ ದೊಡ್ಡವರನ್ನೇ ಏಮಾರಿಸಿವೆ. ನಮ್ಮ ಕೆರೆಯಂಚಿನಲ್ಲಿ, ಗದ್ದೆ ಬದುವಿನಲ್ಲಿ ಕಾಣುವ ಕಿತ್ತಳೆ ಬಣ್ಣದ ಪೀಕಾಕ್ ಪ್ಯಾನ್ಸಿಯ ಬೇಸಗೆ ರೂಪಕ್ಕೆ ಒಂದು ಹೆಸರು, ಮಳೆಗಾಲದ ರೂಪಕ್ಕೆ ಇನ್ನೊಂದು ಹೆಸರು ಕೊಟ್ಟು ಎರಡು ಬೇರೆ ಜಾತಿಗಳೆಂದು 1758ರಲ್ಲಿ ಬರೆದಿಟ್ಟವನು ಜೀವಿಗಳ ಹೆಸರಿಡುವ ಪದ್ಧತಿಯನ್ನೇ ಕಟ್ಟಿದ ಲಿನೀಯಸ್. ಅವನ ಕೈಗೆ ಸಿಕ್ಕಿದ್ದು ಹಡಗಿನಲ್ಲಿ ಬಂದ ಸತ್ತ ಚಿಟ್ಟೆಗಳು. ಎರಡೂ ಒಂದೇ ಎಂಬುದು ಸಾಕಿ ನೋಡಿದವರಿಗಷ್ಟೇ ಗೊತ್ತಾಗುವ ಸಂಗತಿ.

ಪತಂಗ ಯಾವುದು, ಚಿಟ್ಟೆ ಯಾವುದು ಎಂದು ತಿಳಿಯಲು ಬಣ್ಣ ನೋಡಬೇಡಿ, ಮೀಸೆ ನೋಡಿ. ಚಿಟ್ಟೆಯ ಮೀಸೆಯ ತುದಿ ಬೆಂಕಿಕಡ್ಡಿಯ ತಲೆಯಂತೆ ದಪ್ಪ. ಸ್ಕಿಪ್ಪರ್‌ಗಳಲ್ಲಿ ಅದು ಕೊಕ್ಕೆಯಾಗಿ ಬಾಗಿರುತ್ತದೆ. ಪತಂಗಗಳದ್ದು ಸಾಮಾನ್ಯವಾಗಿ ಎಳೆಯಂತೆ ಇಲ್ಲವೇ ಗರಿಯಂತೆ. ಕಪ್ಪು, ನೀಲಿ, ಹಳದಿಗಳಲ್ಲಿ ಮಿನುಗುತ್ತ ಹಗಲಲ್ಲೇ ಹಾರುವ ಪತಂಗಗಳೂ ನಮ್ಮ ಕಾಡುಗಳಲ್ಲಿವೆ. ಬಣ್ಣ ನಂಬಿದವರು ಅವನ್ನು ಚಿಟ್ಟೆಯ ಪಟ್ಟಿಗೆ ಸೇರಿಸಿ ಮನೆಗೆ ಹೋಗುತ್ತಾರೆ.

"ಚಿಟ್ಟೆಯ ಬಾಳು ಒಂದು ದಿನ"

ಕವಿತೆಗೆ ಅನುಕೂಲವಾದ ಮಾತು, ಅಷ್ಟೆ. ಸಣ್ಣ ಚಿಟ್ಟೆಗಳೂ ವಾರವೆರಡು ವಾರ ಇರುತ್ತವೆ. ಅನೇಕ ಜಾತಿಗಳಿಗೆ ಮೂರು ನಾಲ್ಕು ವಾರ ಸಾಮಾನ್ಯ. ಮೊದಲು ಹೇಳಿದ ಬ್ರಿಮ್‌ಸ್ಟೋನ್ ಬೇಸಗೆಯಲ್ಲಿ ಹುಟ್ಟಿ, ಚಳಿಗಾಲ ಕಳೆದು, ಮರುವರ್ಷದ ವಸಂತ ಮುಗಿಯುವವರೆಗೆ ಇರುತ್ತದೆ. ವರ್ಷಕ್ಕೆ ಸ್ವಲ್ಪವೇ ಕಡಿಮೆ. ನಮ್ಮ ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳು ಒಣ ತಿಂಗಳುಗಳನ್ನು ಮೊಟ್ಟೆಯಿಡದೆ, ನೆರಳು ತೇವ ಉಳಿದ ಕಣಿವೆಗಳಲ್ಲಿ ಗುಂಪಾಗಿ ಜೋತು ಕಳೆಯುತ್ತವೆ. ಮಾರ್ಚಿನಲ್ಲಿ ರೆಕ್ಕೆಯ ಅಂಚು ಹರಿದು, ಬಣ್ಣ ಮಾಸಿದ ಬ್ಲೂ ಟೈಗರ್ ಕಂಡರೆ ಅದು ತಿಂಗಳುಗಳನ್ನು ನೋಡಿದ ಜೀವ. ಫೋಟೋ ಚೆನ್ನಾಗಿ ಬರುವುದಿಲ್ಲವೆಂದು ಅದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು.

"ಗುಂಪಾಗಿ ಹಾರಿದರೆ ದಾರಿ ತಪ್ಪಿವೆ"

ಏಪ್ರಿಲ್ ಮೇ ತಿಂಗಳುಗಳಲ್ಲಿ ಮೈಸೂರು, ಚಾಮರಾಜನಗರ, ಬೆಂಗಳೂರುಗಳ ಮೇಲೆ ಚಿಟ್ಟೆಗಳು ನಿಲ್ಲದೆ ಒಂದೇ ದಿಕ್ಕಿಗೆ ಸಾಗುವುದನ್ನು ಕಂಡು ಗಾಬರಿಯಾಗುವವರಿದ್ದಾರೆ. ಅವು ದಾರಿ ತಪ್ಪಿಲ್ಲ. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ, ಡಬಲ್ ಬ್ರ್ಯಾಂಡೆಡ್ ಕ್ರೋ ಈ ನಾಲ್ಕು ಮುಖ್ಯವಾಗಿ ಮುಂಗಾರಿನ ಜಡಿಮಳೆಗೆ ಮುಂಚೆ ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿಗೆ ಇಳಿಯುತ್ತವೆ; ಸೆಪ್ಟೆಂಬರಿನಿಂದ ನವೆಂಬರಿನ ನಡುವೆ ಪಯಣ ಮತ್ತೆ ಪಶ್ಚಿಮಕ್ಕೆ. ಬಿಳಿಗಿರಿರಂಗನ ಬೆಟ್ಟ ಈ ಎರಡರ ನಡುವೆ ನಿಂತಿದೆ.

ಇವುಗಳ ಜಾಡು ಹಿಡಿಯಲು ಗಿಲಿಗಿಚ್ಚಿ ಗಿಡ ಹುಡುಕಿ. ಅದರ ಒಣಗಿದ, ಗಾಯಗೊಂಡ ಕಾಂಡ ಎಲೆಗಳನ್ನು ಗಂಡು ಚಿಟ್ಟೆಗಳು ಮುತ್ತಿಕೊಂಡು ಹೀರುತ್ತವೆ. ಚೇಳುಕೊಂಡಿ ಗಿಡದ ಮೇಲೂ ಹೀಗೇ. ಅಲ್ಲಿಂದ ಸಿಗುವ ಒಂದು ಬಗೆಯ ಕಹಿ ರಾಸಾಯನಿಕದಿಂದ ಅವು ಹೆಣ್ಣನ್ನು ಒಲಿಸುವ ಗಂಧ ತಯಾರಿಸಿಕೊಳ್ಳುತ್ತವೆ. ಆ ಕಹಿಯೇ ಹಕ್ಕಿಗಳಿಂದ ಕಾಪಾಡುತ್ತದೆ.

ಜೊತೆಗೆ ಒಂದು ಸಣ್ಣ ತಿದ್ದುಪಡಿ: ಎಕ್ಕದ ಗಿಡದ ಸುತ್ತ ಸುತ್ತುವ ಕಿತ್ತಳೆ ಬಣ್ಣದ ಚಿಟ್ಟೆ ಅಮೆರಿಕದ ಮೊನಾರ್ಕ್ ಅಲ್ಲ. ಅದು ನಮ್ಮದೇ ಪ್ಲೇನ್ ಟೈಗರ್.

"ಕಂಬಳಿಹುಳ ಬೇರೆ, ಚಿಟ್ಟೆ ಬೇರೆ"

ಹೀಗೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ಆದರೆ ಯುಗಾದಿ ಹೊತ್ತಿಗೆ ಬೇವು ಮಾವಿನ ಜೊತೆ ಹೊಂಗೆಯೂ ಚಿಗುರಿ, ಆ ಎಳೆ ಎಲೆಗಳಲ್ಲಿ ತೂತು ಕಂಡ ಕೂಡಲೇ ಔಷಧಿ ಹೊಡೆಸುವವರ ನಡವಳಿಕೆ ಹಾಗೇ ಇರುತ್ತದೆ. ಹೊಂಗೆಯ ಚಿಗುರು ತಿನ್ನುವುದು ಕಾಮನ್ ಬ್ಯಾಂಡೆಡ್ ಆಲ್ ಮತ್ತು ಕಾಮನ್ ಸೆರೂಲಿಯನ್ ಚಿಟ್ಟೆಗಳ ಮರಿಗಳು. ಮರಕ್ಕೇನೂ ಆಗುವುದಿಲ್ಲ, ಇನ್ನೊಂದು ಸಲ ಚಿಗುರುತ್ತದೆ.

ಮೈತುಂಬ ಕೂದಲಿದ್ದು ಮುಟ್ಟಿದರೆ ತುರಿಸುವವು ಹೆಚ್ಚುಕಡಿಮೆ ಎಲ್ಲವೂ ಪತಂಗದ ಮರಿಗಳು. ಕರಿಬೇವು, ನಿಂಬೆಗಳ ಮೇಲೆ ಮೊದಲು ಹಕ್ಕಿ ಹಿಕ್ಕೆಯಂತೆ, ಆಮೇಲೆ ಹಸಿರಾಗಿ ಕಾಣುವ ನುಣುಪು ಹುಳು ಕಾಮನ್ ಮಾರ್ಮನ್ ಅಥವಾ ಲೈಮ್ ಚಿಟ್ಟೆಯದ್ದು. ಮಾವಿನೆಲೆಯ ನಡುನರಕ್ಕೆ ಮೈ ಸರಿಯಾಗಿ ಒತ್ತಿ, ಗರಿಯಂಥ ಅಂಚುಗಳನ್ನು ಚಾಚಿ ಮಲಗುವ ಬ್ಯಾರನ್ ಮರಿಹುಳುವನ್ನು ಬೆರಳಿಟ್ಟು ತೋರಿಸಿದರೂ ಹಲವರಿಗೆ ಕಾಣುವುದಿಲ್ಲ. ಕಕ್ಕೆ ಮರದ ಸುತ್ತ ಹಳದಿ, ಬಿಳಿ ಎಮಿಗ್ರೆಂಟ್‌ಗಳು ಸುತ್ತುತ್ತಿದ್ದರೆ, ಅದು ಹಳದಿ ಗೊಂಚಲಿನ ಮೋಹವೆಂದುಕೊಳ್ಳುತ್ತೇವೆ. ಹೆಣ್ಣು ಚಿಟ್ಟೆಗೆ ಬೇಕಾಗಿರುವುದು ಪಕ್ಕದ ಎಳೆ ಎಲೆ, ಮೊಟ್ಟೆಯಿಡಲು.

ಬೆಟ್ಟದ ಒಳಗಾಡಿನಲ್ಲಿ ಇಲ್ಲಿನ ಬುಡಕಟ್ಟಿನವರಾದ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರ ಇದೆ. ಅದಕ್ಕೆ ನೂರಾರು ವರ್ಷಗಳ ವಯಸ್ಸನ್ನು ಹೇಳುತ್ತಾರೆ. ಸಂಪಿಗೆ ಎಂದರೆ ನಮಗೆ ಹೂವು, ಕಾಮನ್ ಜೇ, ಟೈಲ್ಡ್ ಜೇ ಚಿಟ್ಟೆಗಳಿಗೆ ಎಲೆ. ಈ ಕಾಲದಲ್ಲಿ ಚಿಟ್ಟೆ ನೋಡಲು ಹೋಗುವವರು ಹೂವಿನ ಪಟ್ಟಿ ಬಿಟ್ಟು ಚಿಗುರಿನ ಪಟ್ಟಿ ಕಲಿತರೆ ಅರ್ಧ ಕೆಲಸ ಮುಗಿದಂತೆ.

ಎಲ್ಲ ಮರಿಹುಳುಗಳೂ ಎಲೆ ತಿನ್ನುತ್ತವೆ ಎಂಬುದಕ್ಕೂ ಅಪವಾದವಿದೆ. ಏಪ್‌ಫ್ಲೈ ಎಂಬ ಪುಟ್ಟ ಬೂದು ಚಿಟ್ಟೆಯ ಮರಿ ಮಾಂಸಾಹಾರಿ. ಪಪಾಯ ಬೆಳೆಗಾರರನ್ನು ಕಾಡುವ ಬಿಳಿ ಹಿಟ್ಟು ತಿಗಣೆಗಳೇ ಅದರ ಊಟ. ಅದರ ಕೋಶವನ್ನು ಹಿಗ್ಗಿಸಿ ನೋಡಿದರೆ ಕೋತಿಯ ಮುಖ ಕಾಣುತ್ತದೆ, ಹೆಸರು ಬಂದದ್ದು ಅದರಿಂದ.

"ರೆಕ್ಕೆಯ ಪುಡಿ ಕಣ್ಣಿಗೆ ಬಿದ್ದರೆ ಕುರುಡು"

ಇಲ್ಲ. ಅದು ಬಣ್ಣದ ಹುರುಪೆಗಳ ಪುಡಿ, ವಿಷವಲ್ಲ. ಕಣ್ಣಿಗೆ ಬೇರೆ ಧೂಳು ಬಿದ್ದಂತೆ ಕಿರಿಕಿರಿಯಾದೀತು. ಒಂದಿಷ್ಟು ಹುರುಪೆ ಉದುರಿದರೆ ಚಿಟ್ಟೆ ಸಾಯುತ್ತದೆ ಎಂಬುದೂ ಸುಳ್ಳು. ಆದರೂ ಹಿಡಿಯುವ ಅಗತ್ಯವಿಲ್ಲ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಹಿಡಿಯುವಂತೆಯೂ ಇಲ್ಲ.

"ಲಂಟಾನ ಚಿಟ್ಟೆಗೆ ಒಳ್ಳೆಯದು, ಬೆಂಕಿ ಯಾವಾಗಲೂ ಕೆಟ್ಟದ್ದು, ಬಂದಳಿಕೆ ಮರಕ್ಕೆ ಹಿಡಿದ ಪೀಡೆ"

ಈ ಮೂರನ್ನೂ ಒಟ್ಟಿಗೇ ನೋಡಬೇಕು. ಒಂದರ ಬೇರು ಇನ್ನೊಂದರಲ್ಲಿದೆ.

ಲಂಟಾನದ ಹೂವಿಗೆ ಚಿಟ್ಟೆಗಳು ಬರುವುದು ನಿಜ. ಏಪ್ರಿಲ್ಲಿನ ಮೊದಲ ಮಳೆಗೆ ಅದು ಹೂಬಿಟ್ಟಾಗ ಒಂದೇ ಪೊದೆಯ ಮೇಲೆ ಹತ್ತು ಜಾತಿ ಸಿಗಬಹುದು, ಫೋಟೋಗಳೂ ಚೆನ್ನಾಗಿ ಬರುತ್ತವೆ. ಆದರೆ ಅದರ ಎಲೆ ತಿಂದು ಬೆಳೆಯುವ ಚಿಟ್ಟೆ ನಮ್ಮಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದು ಆವರಿಸಿದ ಕಡೆ ಹುಲ್ಲು, ಬಳ್ಳಿ, ಸಸಿಗಳು ಹೋಗುತ್ತವೆ. ಹುಲ್ಲು ಹೋದರೆ ಈವ್ನಿಂಗ್ ಬ್ರೌನ್, ಬುಷ್‌ಬ್ರೌನ್‌ಗಳ ಮರಿಗಳಿಗೆ ಊಟವಿಲ್ಲ. ಬಿಳಿಗಿರಿರಂಗನ ಕಾಡಿನಲ್ಲಿ ಒಂದೇ ಅಳತೆಯ, ಗುರುತು ಮಾಡಿದ ನೆಲದ ತುಂಡುಗಳನ್ನು 1997ರಲ್ಲಿ ನೋಡಿದಾಗ ಸುಮಾರು ಶೇ 41ರಲ್ಲಿ ಲಂಟಾನ ಇತ್ತು. 2008ರಲ್ಲಿ ಅವನ್ನೇ ಮತ್ತೆ ನೋಡಿದಾಗ ಸುಮಾರು ಶೇ 81ರಲ್ಲಿ. ಹೂವಿನ ಲೆಕ್ಕದಲ್ಲಿ ಲಾಭ, ಎಲೆಯ ಲೆಕ್ಕದಲ್ಲಿ ದಿವಾಳಿ.

ಇದು ಹೀಗೆ ಹಬ್ಬಿದ್ದು ಯಾಕೆಂದು ಸೋಲಿಗರನ್ನು ಕೇಳಿದರೆ ಅವರು ಬೊಟ್ಟು ಮಾಡುವುದು ಬೆಂಕಿ ನಿಂತದ್ದರ ಕಡೆಗೆ. ಅಭಯಾರಣ್ಯವಾಗಿ 1974ರಲ್ಲಿ ಘೋಷಣೆಯಾಗುವ ಮೊದಲು, ಬೇಸಗೆ ಬಲಿಯುವ ಮುಂಚೆಯೇ ಅವರು ತರಗೆಲೆಗೆ ಹಗುರಾಗಿ ಬೆಂಕಿ ಕೊಡುತ್ತಿದ್ದರು. ಅದಕ್ಕೆ 'ತರಗು ಬೆಂಕಿ' ಎಂದೇ ಹೆಸರು. ನೆಲದಲ್ಲಿ ಸರಿದು ಹೋಗುವ ಆ ಬೆಂಕಿ ಲಂಟಾನದ ಎಳೆ ಸಸಿಗಳನ್ನು ಸುಡುತ್ತಿತ್ತು, ದೊಡ್ಡ ಮರಗಳನ್ನು ಬಿಡುತ್ತಿತ್ತು. ಅದು ನಿಂತ ಮೇಲೆ ಲಂಟಾನ ಎದ್ದಿತು. ನೆಲ್ಲಿ ಮರಗಳ ಮೇಲೆ 'ಉಪ್ಪಿಲು' ಹೆಚ್ಚಾಯಿತು ಎಂಬುದೂ ಅವರ ಮಾತೇ. ಉಪ್ಪಿಲು ಎಂದರೆ ಬಂದಳಿಕೆ. ನೆಲ್ಲಿಕಾಯಿ ಮಾರಿ ಬದುಕುವವರಿಗೆ ಅದು ನೇರವಾದ ನಷ್ಟ. ಸಂಶೋಧಕರೂ ಈ ವಾದವನ್ನು ಗಂಭೀರವಾಗಿ ಎತ್ತಿಕೊಂಡಿದ್ದಾರೆ.

ಈಗ ಚಿಟ್ಟೆಯ ಕಡೆಯಿಂದ ನೋಡಿ. ಬೇಸಗೆಯ ಕಾಡಿನಲ್ಲಿ ಅತಿ ಚೆಂದದ ಚಿಟ್ಟೆಗಳಲ್ಲೊಂದು ಕಾಮನ್ ಜೆಜಬೆಲ್. ರೆಕ್ಕೆಯ ಮೇಲ್ಭಾಗ ಬಿಳಿ, ತಳಭಾಗ ಅಚ್ಚ ಹಳದಿ, ಅಂಚಿಗೆ ಕೆಂಪು ಬೊಟ್ಟುಗಳು. ಮರದ ನೆತ್ತಿಯ ಸುತ್ತ ನಿಧಾನವಾಗಿ ಹಾರುವ ಇದು ತನ್ನ ಮೊಟ್ಟೆಗಳನ್ನು ಸಾಲುಸಾಲಾಗಿ ಇಡುವುದು ಬಂದಳಿಕೆಯ ಎಲೆಯ ಮೇಲೆ. ಬಂದಳಿಕೆ ಇಲ್ಲದಿದ್ದರೆ ಜೆಜಬೆಲ್ ಇಲ್ಲ. ಹಾಗಾದರೆ ನೆಲ್ಲಿ ಮರದ ಮೇಲಿನ ಉಪ್ಪಿಲನ್ನು ಬಿಡಬೇಕೋ ಕಡಿಯಬೇಕೋ? ಸೋಲಿಗರ ಹೊಟ್ಟೆಪಾಡಿನ ಮುಂದೆ ಒಂದು ಚಿಟ್ಟೆಯ ಚೆಂದವನ್ನು ಇಟ್ಟು ವಾದಿಸುವುದು ನನಗೆ ಒಪ್ಪಿಗೆಯಿಲ್ಲ. ಜೆಜಬೆಲ್‌ಗೇನೂ ಕೊರತೆಯಿಲ್ಲ, ಊರಿನ ಮಾವಿನ ತೋಪುಗಳಲ್ಲೂ ಬಂದಳಿಕೆ ಬೇಕಾದಷ್ಟಿದೆ. ಆದರೆ ಬಂದಳಿಕೆಯನ್ನು ಪೂರ್ತಿ ಪೀಡೆಯೆಂದು ಬರೆಯುವವರು ಅದು ಸಾಕಿಕೊಂಡ ಜೀವಗಳನ್ನೂ ಬರೆಯಬೇಕು.

ಬೆಂಕಿಯಲ್ಲೂ ಎರಡು ಬಗೆ. ಜನವರಿಯ ತರಗು ಬೆಂಕಿ ಬೇರೆ, ಲಂಟಾನದ ಒಣ ಪೊದೆಗಳನ್ನೇ ಏಣಿ ಮಾಡಿಕೊಂಡು ಮರದ ತುದಿಗೇರುವ ಬೆಂಕಿ ಬೇರೆ. 2019ರ ಫೆಬ್ರುವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟದ್ದು ನೆನಪಿದೆ. ತರಗೆಲೆಯಲ್ಲಿ ಅಡಗಿ ಕೂತ ಬೇಸಗೆ ವೇಷದ ಚಿ‍ಟ್ಟೆಗಳು, ಕಡ್ಡಿಗೆ ನೇತುಬಿದ್ದ ಕೋಶಗಳು, ತೊಗಟೆಯ ಮೇಲಿನ ಮೊಟ್ಟೆಗಳು ಅಂಥ ಬೆಂಕಿಯಲ್ಲಿ ಉಳಿಯಲಾರವು. ಹಗುರ ಬೆಂಕಿಗೂ ಒಂದಷ್ಟು ಬಲಿಯಾಗುತ್ತವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದು ತುಂಡುತುಂಡಾಗಿ ಸುಡುತ್ತದೆ; ಪಕ್ಕದಲ್ಲೇ ಸುಡದ ನೆಲ ಉಳಿದಿರುತ್ತದೆ, ಮಳೆ ಬಿದ್ದ ಮೇಲೆ ಹುಲ್ಲು ಬರುತ್ತದೆ. ದೊಡ್ಡ ಬೆಂಕಿಯ ನಂತರ ಮೊದಲು ಚಿಗುರಿ ನಿಲ್ಲುವುದು ಬಹಳ ಕಡೆ ಲಂಟಾನವೇ.

"ನಸುಕಿಗೇ ಹೋಗಬೇಕು, ಕಾಡೊಳಗೆ ನುಗ್ಗಬೇಕು"

ನಸುಕು ಹಕ್ಕಿ ನೋಡುವವರ ಹೊತ್ತು. ಚಿಟ್ಟೆಯ ಹಾರುವ ಸ್ನಾಯು ಕೆಲಸ ಮಾಡಲು ಮೈ ಸುಮಾರು 30 ಡಿಗ್ರಿಯಷ್ಟು ಕಾಯಬೇಕು. ಹಾಗಾಗಿ ಎಂಟೂವರೆ ಒಂಬತ್ತರ ಹೊತ್ತಿಗೆ ರೆಕ್ಕೆ ಬಿಡಿಸಿ ಬಿಸಿಲು ಕಾಯಿಸುತ್ತ ಕೂತಾಗ ಮೇಲ್ಭಾಗ ನೋಡಬಹುದು, ಹತ್ತರಿಂದ ಹನ್ನೊಂದೂವರೆಗೆ ಒದ್ದೆ ಮಣ್ಣಿನ ಬಳಿ ತಳಭಾಗ. ಮಾರ್ಚಿನ ನಡುಹಗಲಲ್ಲಿ ಚಿಟ್ಟೆಗಳೂ ನೆರಳು ಹುಡುಕುತ್ತವೆ. ಆಗ ಊಟ ಮಾಡಿ ಮಲಗುವುದು ಮೇಲು. ಮತ್ತೆ ಸಂಜೆ ಆರರ ನಂತರ ಅರ್ಧ ಗಂಟೆ ಈವ್ನಿಂಗ್ ಬ್ರೌನ್‌ಗಳದ್ದು.

ಕಾಡೊಳಗೆ ಕಾಲಿಟ್ಟು ನಡೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಯಳಂದೂರಿನಿಂದ ಬೆಟ್ಟ ಹತ್ತುವ ರಸ್ತೆಯಲ್ಲೂ ಕಂಡಲ್ಲಿ ವಾಹನ ನಿಲ್ಲಿಸುವಂತಿಲ್ಲ, ಆನೆಗಳಿವೆ. ಇದರಿಂದ ನಷ್ಟವೇನಿಲ್ಲ. ಬೆಟ್ಟದ ಮೇಲಿನ ದೇವಸ್ಥಾನದ ಸುತ್ತಿನ ಊರು, ಅಲ್ಲಿನ ನೀರಿನ ನಲ್ಲಿಗಳ ಕೆಳಗಿನ ಕೆಸರು, ಹಿತ್ತಿಲ ಕರಿಬೇವು, ವಸತಿಗೃಹಗಳ ಅಂಗಳದ ಹೊಂಗೆ ಇಷ್ಟರಲ್ಲೇ ಒಂದು ದಿನಕ್ಕೆ ಸಾಕಾಗುವಷ್ಟು ಸಿಗುತ್ತದೆ. ದುಬಾರಿ ಕ್ಯಾಮೆರಾ ಇಲ್ಲದಿದ್ದರೂ ನಡೆಯುತ್ತದೆ. ಆರೇಳು ಅಡಿ ದೂರಕ್ಕೂ ಸ್ಪಷ್ಟವಾಗಿ ತೋರಿಸುವ ಬೈನಾಕ್ಯುಲರ್ ಇದ್ದರೆ ಹೆಚ್ಚು ಉಪಯೋಗ. ಹತ್ತಿರ ಹೋಗುವಾಗ ನಿಮ್ಮ ನೆರಳು ಚಿಟ್ಟೆಯ ಮೇಲೆ ಬೀಳದಂತೆ ನೋಡಿಕೊಳ್ಳಿ, ಅವು ಹೆದರುವುದು ಹೆಚ್ಚಾಗಿ ಅದಕ್ಕೆ.

ಫೋಟೋ ತೆಗೆಯುವುದಾದರೆ ರೆಕ್ಕೆಯ ಎರಡೂ ಬದಿ ತೆಗೆಯಿರಿ. ಬೇಸಗೆ ವೇಷದ ಚಿಟ್ಟೆಗಳನ್ನು ಒಂದೇ ಬದಿ ನೋಡಿ ಗುರುತಿಸುವುದು ಪಳಗಿದವರಿಗೂ ಕಷ್ಟ. ದಿನಾಂಕ, ಜಾಗ, ಕೂತಿದ್ದ ಗಿಡ ಅಥವಾ ಮಣ್ಣು ಯಾವುದು ಎಂದು ಬರೆದುಕೊಳ್ಳಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು ನಡೆಸುವ 'ಬಟರ್‌ಫ್ಲೈಸ್ ಆಫ್ ಇಂಡಿಯಾ' ಜಾಲತಾಣ ಸಾಮಾನ್ಯರು ಕಳಿಸುವ ಇಂಥ ಚಿತ್ರಗಳನ್ನು ಪರಿಶೀಲಿಸಿ ಸೇರಿಸಿಕೊಳ್ಳುತ್ತದೆ. ಹೆಸರು ಗೊತ್ತಾಗದಿದ್ದರೂ ಕಳಿಸಬಹುದು. ಹರಿದ ರೆಕ್ಕೆಯ ಬ್ಲೂ ಟೈಗರ್ ಚಿತ್ರವನ್ನೂ ಕಳಿಸಿ. ದಿನಾಂಕ, ಜಾಗ ಸರಿಯಿದ್ದರೆ ಅದೂ ಒಂದು ದಾಖಲೆಯೇ.